ಬ್ರೇಕ್ ಆಯಿಲ್ ಬದಲಿಸೋಕೆ ಇಬ್ಬರು ಬೇಕು

ನವೆಂಬರ್‌ನಲ್ಲಿ ಬೆಂಗಳೂರಿಂದ ದಾವಣಗೆರೆಗೆ ಹೊರಟಾಗ ತಲೆಯಲ್ಲಿ ಒಂದೇ ವಿಷಯ ಇತ್ತು: ನಿಟ್ಟುವಳ್ಳಿ ಮನೆ ಮುಂದೆ ನಿಂತಿರೋ ಮಾರುತಿ 800 ಮಾರಿಬಿಡಬೇಕು.

ಅಪ್ಪಾಜಿ ಅದನ್ನು ಕೊಂಡಿದ್ದು 2005ರಲ್ಲಿ. ಮೊದಲ 15 ವರ್ಷದ ನೋಂದಣಿ ಮುಗಿದು, ಆಮೇಲಿನ 5 ವರ್ಷವೂ ಮುಗಿಯೋಕೆ ಬಂದಿತ್ತು. 2022ರ ಏಪ್ರಿಲ್‌ವರೆಗೆ ಕಾರಿನ ಮರುನೋಂದಣಿಗೆ 600 ರೂಪಾಯಿ ಇತ್ತು, ಆಗ 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ 10,000. ಮೇಲೆ ಹಸಿರು ತೆರಿಗೆ, ಇನ್ಶೂರೆನ್ಸ್. ಈ ಮಾಡೆಲ್ ತಯಾರಿಕೆ ನಿಂತೇ 2014ಕ್ಕೆ. ಲೆಕ್ಕ ಎಲ್ಲ ಮೊಬೈಲ್‌ನಲ್ಲಿ ಹಾಕಿಕೊಂಡೇ ಬಂದಿದ್ದೆ.

ಅಪ್ಪಾಜಿ ಪೂರ್ತಿ ಕೇಳಿ ಪೇಪರ್ ಮಡಚಿಟ್ಟರು. "ಮೊದ್ಲು ಬಾನೆಟ್ ಎತ್ತಿ ನೋಡಪ್ಪ. ಮಾರೋ ಮಾತು ಆಮೇಲೆ."

ನಿಟ್ಟುವಳ್ಳಿ ಈಗ ಹೆಸರಲ್ಲಿ ಮಾತ್ರ ಹಳ್ಳಿ. ಊರು ಬೆಳೆದು ಅದನ್ನು ಒಳಗೆ ಹಾಕಿಕೊಂಡಿದೆ. ಆದರೂ ಭಾನುವಾರ ಬೆಳಿಗ್ಗೆ ಮನೆ ಮುಂದೆ ಬಾನೆಟ್ ಎತ್ತಿದರೆ ಸಾಕು, ಹಾಲು ತರೋಕೆ ಹೊರಟವರು ನಿಂತು "ಏನಾತು?" ಅಂತ ಕೇಳಿಯೇ ಮುಂದೆ ಹೋಗ್ತಾರೆ. ಆವತ್ತು ನಾಲ್ಕು ಜನ ಕೇಳಿದರು.

ಅಪ್ಪಾಜಿ ದುಡಿದದ್ದು ಪಕ್ಕದ ಹರಿಹರದಲ್ಲಿ, 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನ ಲೇತ್ ಕಾರ್ಖಾನೆಯಲ್ಲಿ. ಅದು ಮುಚ್ಚಿದ ಮೇಲೆ ಸ್ವಂತಕ್ಕೆ ಸಣ್ಣದೊಂದು ಲೇತ್ ಹಾಕಿಕೊಂಡರು. ಮಷಿನ್ ಯಾವುದೇ ಇರಲಿ, ಎಣ್ಣೆ ಬದಲಿಸಿದ ದಿನ ಬರೆದಿಡೋದು ಅವರ ಅಭ್ಯಾಸ. ಕಾರಿಗೂ ಒಂದು ನೋಟ್‌ಬುಕ್ ಇದೆ. ತಾರೀಖು, ಕಿಲೋಮೀಟರ್, ಏನು ಹಾಕಿದ್ದು, ಎಷ್ಟು ರೂಪಾಯಿ. ಎಂಜಿನ್ ಆಯಿಲ್ ಸಾಲು ವರ್ಷಕ್ಕೊಂದು ತಪ್ಪದೆ ಇತ್ತು. ಕಾರು ವರ್ಷಕ್ಕೆ 2,000 ಕಿ.ಮೀ. ಕೂಡ ಓಡಲ್ಲ. "ಮತ್ಯಾಕೆ ಪ್ರತಿವರ್ಷ?" ಅಂದೆ.

"ನಿಂತ ಗಾಡಿಗೇ ಜಾಸ್ತಿ ಬೇಕು" ಅಂದರು. ಮಾರ್ಕೆಟ್‌ವರೆಗೆ ಹೋಗಿ ಬರೋ ಓಡಾಟದಲ್ಲಿ ಎಂಜಿನ್ ಸರಿಯಾಗಿ ಕಾಯೋದೇ ಇಲ್ಲ. ಒಳಗೆ ಕೂಡೋ ನೀರಿನ ಪಸೆ, ಸುಡದೆ ಉಳಿದ ಪೆಟ್ರೋಲ್ ಆವಿಯಾಗದೆ ಆಯಿಲ್ ಜೊತೆ ಸೇರಿಕೊಳ್ಳುತ್ತೆ. ಹಾಗಾಗಿ ಕಡಿಮೆ ಓಡೋ ಗಾಡಿಗೆ ಕಿಲೋಮೀಟರ್ ಅಲ್ಲ, ಕ್ಯಾಲೆಂಡರ್ ನೋಡಬೇಕು.

ಎಂಜಿನ್ ಹತ್ತು ನಿಮಿಷ ಚಾಲೂ ಇಟ್ಟು, ಆಯಿಲ್ ಬೆಚ್ಚಗಾದ ಮೇಲೆ ನಿಲ್ಲಿಸಿದೆವು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದೆ ಜಾಕಿಯಲ್ಲಿ ಎತ್ತಿ, ಕಬ್ಬಿಣದ ಸ್ಟ್ಯಾಂಡ್ ಇಟ್ಟೆವು. ಜಾಕಿ ಒಂದನ್ನೇ ನಂಬಿ ಕಾರಿನ ಅಡಿಗೆ ಹೋಗಲೇಬಾರದು, ಇದು ಅಪ್ಪಾಜಿಯ ಮೊದಲ ನಿಯಮ. ಅಡಿಯ ಬೋಲ್ಟ್ ಬಿಚ್ಚಿದಾಗ ಕಪ್ಪು ಆಯಿಲ್ ಬೋಗುಣಿಗೆ ಇಳಿಯಿತು. ಹಳೇ ಫಿಲ್ಟರ್ ತೆಗೆದು, ಹೊಸದರ ರಬ್ಬರ್ ರಿಂಗಿಗೆ ಬೆರಳಲ್ಲಿ ಹೊಸ ಆಯಿಲ್ ಸವರಿ ಕೈಯಲ್ಲೇ ಬಿಗಿ ಮಾಡಿದೆ. ಸ್ಪ್ಯಾನರ್ ಹಾಕಿ ಬಿಗಿದರೆ ಮುಂದಿನ ವರ್ಷ ಬಿಚ್ಚೋಕೆ ಬರಲ್ಲ. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್‌ಗೆ 3 ಲೀಟರ್ ಆಯಿಲ್ ತಂದರೆ ಸ್ವಲ್ಪ ಉಳಿಯುತ್ತೆ. ಒಂದೇ ಸಲ ಸುರಿಯದೆ ಡಿಪ್‌ಸ್ಟಿಕ್ ನೋಡುತ್ತಾ ಹಾಕಬೇಕು.

ಏರ್ ಫಿಲ್ಟರ್ ತೆಗೆದಾಗ ನನಗೆ ನಗು ಬಂತು. ಕಾಗದದ ಮಡಿಕೆಗಳ ನಡುವೆ ಮೆಕ್ಕೆಜೋಳದ ಹೊಟ್ಟು! ಸುಗ್ಗಿ ಟೈಮಲ್ಲಿ ನಮ್ಮ ಜಿಲ್ಲೆಯ ಹಳ್ಳಿ ರಸ್ತೆಗಳಲ್ಲಿ ಓಡಾಡಿದವರಿಗೆ ಗೊತ್ತು, ಅರ್ಧ ರಸ್ತೆ ಜೋಳ ಒಣಗಿಸೋಕೆ, ಅರ್ಧ ನಮಗೆ. ಕಂಪನಿಯ ಪುಸ್ತಕದಲ್ಲಿ ಎಷ್ಟೇ ಕಿಲೋಮೀಟರ್ ಬರೆದಿರಲಿ, ಇಂಥ ಧೂಳಲ್ಲಿ ಫಿಲ್ಟರ್ ಬೇಗ ಕಟ್ಟುತ್ತೆ. ಬರೀ ಧೂಳಿದ್ದರೆ ಕೊಡವಬಹುದು, ಕಪ್ಪಾಗಿ ಅಂಟಂಟಾಗಿದ್ದರೆ ಬದಲಿಸಬೇಕು. ಬದಲಿಸಿದೆವು.

ಆಮೇಲೆ ಕೂಲೆಂಟ್. ಎಂಜಿನ್ ಪೂರ್ತಿ ತಣ್ಣಗಾಗೋವರೆಗೆ ಕಾದು ರೇಡಿಯೇಟರ್ ಕ್ಯಾಪ್ ತೆಗೆದೆ. ಬಿಸಿ ಇದ್ದಾಗ ತೆಗೆದರೆ ಕುದಿನೀರು ಮುಖಕ್ಕೇ ಹಾರುತ್ತೆ. ಒಳಗೆ ಹಸಿರು ಬಣ್ಣ ಇರಬೇಕಾದ ಕಡೆ ತುಕ್ಕಿನ ನೀರು. "ಹೋದ ಬ್ಯಾಸಿಗ್ಯಾಗೆ ಕಡಿಮಿ ಆಗಿತ್ತು, ಬೋರ್ ನೀರು ಹಾಕಿದ್ದೆ" ಅಂತ ಅಪ್ಪಾಜಿ ಸಣ್ಣ ದನಿಯಲ್ಲಿ ಒಪ್ಪಿಕೊಂಡರು. ಸ್ಟೀಲ್ ಕೊಡದ ತಳದಲ್ಲಿ ಬಿಳಿ ಗಟ್ಟಿ ಕಟ್ಟೋ ಗಡಸು ನೀರು ರೇಡಿಯೇಟರ್‌ನ ಸಣ್ಣ ನಳಿಕೆಗಳಲ್ಲೂ ಅದನ್ನೇ ಮಾಡುತ್ತೆ. ಎರಡು ಸಲ ತೊಳೆದು, ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಹಾಕಿದೆವು. ಕೂಲೆಂಟ್ ವಿಷ, ರುಚಿ ಮಾತ್ರ ಸಿಹಿ. ಬೀದಿನಾಯಿ ನೆಕ್ಕದ ಹಾಗೆ ಚೆಲ್ಲಿದ್ದನ್ನು ಆಗಲೇ ಒರೆಸಬೇಕು.

ಇಷ್ಟಾದ ಮೇಲೆ ಬ್ರೇಕ್ ಆಯಿಲ್ ಡಬ್ಬಿ ಮುಚ್ಚಳ ತೆಗೆದೆ. ಹೊಸದು ತಿಳಿ ಜೇನಿನ ಬಣ್ಣ ಇರುತ್ತೆ. ಇಲ್ಲಿ ಇದ್ದದ್ದು ಕಾಫಿ ಡಿಕಾಕ್ಷನ್.

ನೋಟ್‌ಬುಕ್ ತಿರುಗಿಸಿದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದದ್ದು. ಕೊನೆ ಸಾಲು 2017ರ ಮೇ ತಿಂಗಳದ್ದು. ನಾನು ಓದು ಮುಗಿಸಿ ಬೆಂಗಳೂರಿಗೆ ಹೊರಟ ವರ್ಷ.

"ಎಲ್ಲಾ ಸರಿಯಾಗಿ ಮಾಡಿದೀರಿ, ಇದೊಂದು ಯಾಕೆ ಬಿಟ್ರಿ?"

"ಅದಕ್ಕೆ ಇಬ್ಬರು ಬೇಕಲ್ಲಪ್ಪ" ಅಂದರು. ಒಮ್ಮೆ ಗ್ಯಾರೇಜಿಗೆ ಕೊಟ್ಟಿದ್ದರಂತೆ. ಅವರು ಮೇಲಷ್ಟು ಹೊಸದು ಸುರಿದು, ಪೂರ್ತಿ ಬದಲಿಸಿದೀವಿ ಅಂತ ಬಿಲ್ ಕೊಟ್ಟರು. ಅಪ್ಪಾಜಿ ಮತ್ತೆ ಹೋಗಲಿಲ್ಲ.

ಇದು ಸಣ್ಣ ವಿಷಯ ಅಲ್ಲ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತಲೇ ಇರುತ್ತೆ. ನಮ್ಮ ಕಾರಿಗೆ ಹಾಕೋ ಡಾಟ್ 3 ದರ್ಜೆಯದ್ದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಶೇ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತೆ. ಇಳಿಜಾರಲ್ಲಿ ಬ್ರೇಕ್ ಒತ್ತುತ್ತಾ ಬಂದಾಗ ಕಾವಿಗೆ ಅದು ಕುದ್ದರೆ ಒಳಗೆ ಆವಿ ಗುಳ್ಳೆ ಏಳುತ್ತೆ, ಪೆಡಲ್ ನೆಲಕ್ಕೆ ಹೋಗುತ್ತೆ, ಗಾಡಿ ನಿಲ್ಲಲ್ಲ. ಹೋದ ಚಳಿಗಾಲದಲ್ಲಿ ಅಪ್ಪಾಜಿ ಇದೇ ಕಾರಿನಲ್ಲಿ ಅಮ್ಮನನ್ನು ಕೂರಿಸಿಕೊಂಡು ಆಗುಂಬೆ ಘಾಟಿ ಇಳಿದು ಬಂದಿದ್ದರು. ಫೋಟೊ ನೋಡಿ ನಾನು ಹಾರ್ಟ್ ಇಮೋಜಿ ಹಾಕಿದ್ದೆ.

ಚಿಕ್ಕವನಿದ್ದಾಗ ಪೆಡಲ್ ಕೆಲಸ ನನ್ನದು. ಅಪ್ಪಾಜಿ ಚಕ್ರದ ಹತ್ತಿರ ಕೂತು "ಒತ್ತು... ಹಿಡಕೋ... ಬಿಡು" ಅನ್ನೋರು. ಈಗ ಅವರಿಗೆ ಮಂಡಿ ಮಡಚಿ ಕೂರೋಕೆ ಆಗಲ್ಲ. ಅವರನ್ನು ಡ್ರೈವರ್ ಸೀಟಲ್ಲಿ ಕೂರಿಸಿ ನಾನು ನೆಲಕ್ಕೆ ಕೂತೆ. ಬ್ರೇಕ್ ಡಬ್ಬಿಗೆ ಅತಿ ದೂರದ್ದು ಎಡಗಡೆ ಹಿಂದಿನ ಚಕ್ರ, ಅಲ್ಲಿಂದ ಶುರು. ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಹೊಸ ಆಯಿಲ್ ಇದ್ದ ಬಾಟಲಿಯಲ್ಲಿ ಮುಳುಗಿಸಿದೆ.

"ಒತ್ತಿ ಅಪ್ಪಾಜಿ. ಹಾಗೇ ಹಿಡೀರಿ." ನಿಪ್ಪಲ್ ಸಡಿಲಿಸಿದೆ, ಕಪ್ಪು ಆಯಿಲ್ ಹರಿಯಿತು, ಬಿಗಿ ಮಾಡಿದೆ. "ಬಿಡಿ."

ಅವರು ಪೆಡಲ್ ಬಿಡೋ ಮುಂಚೆ ನಿಪ್ಪಲ್ ಬಿಗಿಯಾಗಿರಬೇಕು, ಇಲ್ಲದಿದ್ದರೆ ಗಾಳಿ ಒಳಗೆ ಹೋಗುತ್ತೆ. ಮೇಲಿನ ಡಬ್ಬಿ ಒಮ್ಮೆಯೂ ಖಾಲಿ ಆಗಬಾರದು. ಅದನ್ನು ನೋಡಿಕೊಳ್ಳೋಕೆ ಅಮ್ಮನೂ ಬಂದರು. ಬಲಗಡೆ ಹಿಂದಿನ ನಿಪ್ಪಲ್ ತುಕ್ಕು ಹಿಡಿದು ಅಲ್ಲಾಡಲಿಲ್ಲ. ಜೋರು ಮಾಡಿದರೆ ಮುರಿಯುತ್ತೆ. ತುಕ್ಕು ಬಿಡಿಸೋ ಎಣ್ಣೆ ಹೊಡೆದು, ಪಾರ್ಸೆಲ್ ಬಂದಿದ್ದ ಬೆಣ್ಣೆ ದೋಸೆ ತಿಂದು ಬಂದ ಮೇಲೆ ಸಡಿಲಾಯಿತು. ನಾಲ್ಕೂ ಚಕ್ರದಲ್ಲಿ ತಿಳಿ ಆಯಿಲ್ ಬರೋ ಹೊತ್ತಿಗೆ ಮಧ್ಯಾಹ್ನ ಒಂದು ಗಂಟೆ. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಮೆತ್ತಗಿದ್ದಿದ್ದರೆ ರಸ್ತೆಗೆ ಇಳಿಸದೆ ಮೆಕ್ಯಾನಿಕ್‌ನನ್ನು ಮನೆಗೇ ಕರೆಸುತ್ತಿದ್ದೆವು.

ಹಳೇ ಎಂಜಿನ್ ಆಯಿಲ್‌ನ ಕ್ಯಾನಿಗೆ ತುಂಬಿಸುವಾಗ ಪಕ್ಕದಲ್ಲಿ ಮನೆ ಕಟ್ಟುತ್ತಿದ್ದ ಮೇಸ್ತ್ರಿ, ಸೆಂಟ್ರಿಂಗ್ ಶೀಟಿಗೆ ಹಚ್ಚೋಕೆ ಕೇಳಿದರು. ಅದು ಅಪಾಯಕಾರಿ ತ್ಯಾಜ್ಯ, ಮಣ್ಣಿಗೂ ಚರಂಡಿಗೂ ಸೇರಬಾರದು. ಕೊಡಲಿಲ್ಲ. ಮರುದಿನ ಹಳೇ ಆಯಿಲ್ ಕೂಡಿಸಿ ಮರುಬಳಕೆಗೆ ಕಳಿಸೋ ವರ್ಕ್‌ಶಾಪಿಗೆ ಒಪ್ಪಿಸಿದೆ.

ಮನೆ ಮುಂದಿನ ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ, ಏಳೆಂಟು ಸಲ ಬ್ರೇಕ್ ಹಾಕಿ ನೋಡಿದೆ. ಸಂಜೆ ಮೂವರೂ ಹಳೇ ಪಿ.ಬಿ. ರಸ್ತೆ ಹಿಡಿದು ಹರಿಹರಕ್ಕೆ ಹೋದೆವು, ಹದಿನಾಲ್ಕು ಕಿಲೋಮೀಟರ್. ಹರಿಹರೇಶ್ವರ ದೇವಸ್ಥಾನದ ಕಂಬಗಳು ಸಂಜೆ ಬೆಳಕಲ್ಲಿ ಹೊಳೀತಿದ್ದವು. 1224ರ ಸುಮಾರಿಗೆ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ ಇದು. ಅರ್ಧ ಶಿವ, ಅರ್ಧ ವಿಷ್ಣುವಾದ ಮೂರ್ತಿಗೆ ಕೈ ಮುಗಿದು ತುಂಗಭದ್ರೆ ದಂಡೆಗೆ ಬಂದು ಕೂತೆವು. ಅಪ್ಪಾಜಿ ಕಾರ್ಖಾನೆಯ ಸೈರನ್ ಕಥೆ ಹೇಳಿದರು. ನಾನು ಮಾರೋ ಮಾತು ಎತ್ತಲಿಲ್ಲ. ಅವರೇ ಎತ್ತಿದರು.

"ಇನ್ನೈದು ವರ್ಷಕ್ಕೆ ರಿನ್ಯೂ ಮಾಡಿಸ್ತೀನಿ. ಘಾಟಿಗೆ ಒಯ್ಯಲ್ಲ. ಆದ್ರೆ ಬ್ರೇಕ್ ಆಯಿಲಿಗೆ ನೀನೇ ಬರಬೇಕು."

ಒಪ್ಪಿದೆ. ಮನೆಗೆ ಬಂದು ನೋಟ್‌ಬುಕ್‌ನಲ್ಲಿ 2017ರ ಸಾಲಿನ ಕೆಳಗೆ ಆವತ್ತಿನ ತಾರೀಖು ನಾನೇ ಬರೆದೆ. ಪಕ್ಕದಲ್ಲಿ ಮುಂದಿನದು: ನವೆಂಬರ್ 2027. ಫೋನಲ್ಲೂ ರಿಮೈಂಡರ್ ಹಾಕಿದೀನಿ. ನಿಮ್ಮ ಊರಲ್ಲೂ ಅಪ್ಪ ಓಡಿಸೋ ಹಳೇ ಕಾರು ಇದ್ದರೆ, ಮುಂದಿನ ಸಲ ಹೋದಾಗ ಆ ಸಣ್ಣ ಡಬ್ಬಿಯ ಬಣ್ಣ ಒಮ್ಮೆ ನೋಡಿ.