ಕೀ ಅಳಿಸಿಹೋದ ಕಂಪ್ಯೂಟರ್

ನಾನು ಕಲಿತದ್ದು ಏಳನೇ ಇಯತ್ತೆ. ಕಂಪ್ಯೂಟರ್ ಬಗ್ಗೆ ಬರೀರಿ ಅಂತ ವಾಚನಾಲಯದವರು ಅಂದಾಗ ನಗು ಬಂತು. ಆದರೆ ನಮ್ಮ ವಾಚನಾಲಯದ ಕಂಪ್ಯೂಟರ್ ಕೆಟ್ಟಾಗ ಎಲ್ಲರಿಗಿಂತ ಹೆಚ್ಚು ನಿದ್ದೆಗೆಟ್ಟವನು ನಾನೇ. ಅದಕ್ಕೇ ಬರೆಯುತ್ತಿದ್ದೇನೆ.

ಆ ಕಂಪ್ಯೂಟರಿನಲ್ಲಿ ನಮ್ಮ ಗುರುಗಳ ಧ್ವನಿ ಇತ್ತು. ಗೀಗೀ ಪದಕ್ಕೆ ಡಪ್ಪು ಹಿಡಿಯೋದನ್ನು ನನಗೆ ಕಲಿಸಿದವರು ಅವರು. ತೀರಿಕೊಳ್ಳುವ ಮೊದಲಿನ ಬೇಸಿಗೆಯಲ್ಲಿ ಅವರನ್ನು ವಾಚನಾಲಯದ ಕಟ್ಟೆಯ ಮೇಲೆ ಕೂಡಿಸಿ, ಸಾಲಿ ಮಾಸ್ತರರ ಮೊಬೈಲಿನಲ್ಲಿ 38 ಪದ ಹಾಡಿಸಿದ್ದೆವು. ಮೊಬೈಲ್ ತುಂಬಿತು ಅಂತ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ ಮೊಬೈಲಿನಿಂದ ಅಳಿಸಿದೆವು. ಇನ್ನೊಂದು ಪ್ರತಿ ಇಡಬೇಕು ಅನ್ನುವ ಬುದ್ಧಿ ಯಾರಿಗೂ ಬರಲಿಲ್ಲ. ಬಿತ್ತುವ ಜೋಳದ ಬೀಜವನ್ನು ಎರಡು ಕಡೆ ಇಡುವ ನಾನು, ಹಾಡನ್ನು ಒಂದೇ ಕಡೆ ಇಟ್ಟಿದ್ದೆ.

ಒಂದು ಸಂಜೆ ಅಪ್‌ಡೇಟ್ ನಡೆದಾಗಲೇ ಕರೆಂಟ್ ಹೋಯಿತು. ಮರುದಿನ ಚಾಲೂ ಮಾಡಿದರೆ ನೀಲಿ ಪರದೆ, ಮತ್ತೆ ತಾನೇ ಬಂದ್. ಪೇಟೆಯ ಅಂಗಡಿಗೆ ಒಯ್ದೆವು. ಡಿಸ್ಕ್ ಪೂರಾ ಅಳಿಸಿ ವಿಂಡೋಸ್ ಹೊಸದಾಗಿ ಹಾಕಬೇಕು, ಕೀ ಎಲ್ಲಿದೆ ಅಂತ ಅಂಗಡಿಯವನು ಮರಾಠಿಯಲ್ಲಿ ಕೇಳಿದ. ಕೀ ಅಂದರೆ 25 ಅಕ್ಷರ-ಅಂಕಿಗಳ ಗುರುತು. ಪೆಟ್ಟಿಗೆಯ ಮಗ್ಗುಲಿಗೆ ಅಂಟಿಸಿದ ಚೀಟಿಯಲ್ಲಿ ಇತ್ತಂತೆ. ಒದ್ದಿ ಅರಿವಿಯಿಂದ ಒರಸಿ ಒರಸಿ ನಾವೇ ಅದನ್ನು ಅಳಿಸಿದ್ದೆವು. ಕೀ ಇಲ್ಲದಿದ್ದರೆ ಹೊಸದು ಕೊಳ್ಳಬೇಕು, ಬೇಡವಾದರೆ 300 ರೂಪಾಯಿಗೆ ಕ್ರ್ಯಾಕ್ ಹಾಕಿಕೊಡುತ್ತೇನೆ ಅಂದ.

ಕ್ರ್ಯಾಕ್ ಅಂದರೆ ಏನು ಅಂತ ಮಾಸ್ತರರನ್ನು ಕೇಳಿದೆ. ದುಡ್ಡು ಕೊಡದೆ ಕೊಟ್ಟಂತೆ ತೋರಿಸುವ ಕಳ್ಳ ಉಪಾಯ, ಅದರ ಜೊತೆಗೆ ವೈರಸ್ಸೂ ಬರಬಹುದು ಅಂದರು. ನನ್ನ ಮನಸ್ಸು ಒಪ್ಪಲಿಲ್ಲ. ನಮ್ಮ ಪದದ ಕೊನೆಗೆ ಕಟ್ಟಿದವನ ಊರು, ಹೆಸರು ಬರುತ್ತದೆ. ನಾನು ಕಟ್ಟಿದ ಒಂದು ಪದವನ್ನು ಬೇರೆ ಮೇಳದವರು ಆ ಅಂಕಿತ ಬದಲಿಸಿ ಹಾಡಿದ್ದನ್ನು ಜಾತ್ರೆಯಲ್ಲಿ ಕೇಳಿದ್ದೆ. ಆ ಸಂಕಟ ಇನ್ನೂ ಹೋಗಿಲ್ಲ. ಮೇಲಾಗಿ, ಡಿಸ್ಕ್ ಅಳಿಸಿದರೆ ಗುರುಗಳ ಪದ ಉಳಿಯುವುದು ಹೇಗೆ? ಪೆಟ್ಟಿಗೆ ಹೊತ್ತು ವಾಪಸು ಬಂದೆವು.

ದೀಪಾವಳಿಗೆ ಮಗಳ ಮಗ ಬಂದ. ಸಾಂಗಲಿಯಲ್ಲಿ ಡಿಪ್ಲೊಮಾ ಓದುತ್ತಾನೆ. "ಮುತ್ಯಾ, ಮೊದಲ ನಿನ್ನ ಹಾಡ ತಗಿಯೂಣು. ವಿಂಡೋಸ್ ಆಮ್ಯಾಲ" ಅಂದ.

ಒಂದು ಪೆನ್‌ಡ್ರೈವಿನಲ್ಲಿ ಉಬುಂಟು ಅನ್ನುವ ಲಿನಕ್ಸ್ ತಂದಿದ್ದ. ಅದಕ್ಕೆ ಕೀಯೂ ಬೇಡ, ದುಡ್ಡೂ ಬೇಡ. ಡಿಸ್ಕಿಗೆ ಏನೂ ಹಾಕದೆ ಪೆನ್‌ಡ್ರೈವಿನಿಂದಲೇ ಕಂಪ್ಯೂಟರ್ ಚಾಲೂ ಆಯಿತು. ಹಳೆ ಡಿಸ್ಕ್ ತೆರೆದರೆ 38 ಪದವೂ ಇದ್ದವು. ಬೇರೆ ಪೆನ್‌ಡ್ರೈವಿಗೆ ಇಳಿಸಿಕೊಂಡು, ತನ್ನ ಮೊಬೈಲಿಗೆ ಹಾಕಿ ಒಂದನ್ನು ಕೇಳಿಸಿದ. ಗುರುಗಳು ಕೆಮ್ಮಿದರು. "ಹಿಡೀರಿ ಡಪ್ಪ" ಅಂದರು. ನಾನು ಎದ್ದು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತೆ.

ಆಮೇಲೆ ವಿಂಡೋಸ್. ಮೈಕ್ರೋಸಾಫ್ಟಿನವರೇ ಕೊಡುವ ವಿಂಡೋಸ್ 10 ಅನ್ನು 8 ಜಿಬಿ ಪೆನ್‌ಡ್ರೈವಿಗೆ ತುಂಬಿಕೊಂಡಿದ್ದ. ನಡುವೆ ಅದು ಕೀ ಕೇಳಿತು. ಅಲ್ಲೇ ಕೆಳಗೆ 'ನನ್ನ ಬಳಿ ಕೀ ಇಲ್ಲ' ಅನ್ನುವ ಸಾಲು ಇರುತ್ತದೆ, ಅದನ್ನು ಒತ್ತಿದ. ಮೊದಲು ಹೋಮ್ ಇತ್ತು, ಈಗಲೂ ಹೋಮ್ ಅನ್ನೇ ಆರಿಸಬೇಕು, ಪ್ರೋ ಆರಿಸಿದರೆ ನಡೆಯೋದಿಲ್ಲ ಅಂದ. ಎಲ್ಲ ಮುಗಿದ ಮೇಲೆ ಮೊಬೈಲಿನ ನೆಟ್ ಕೊಟ್ಟ. ಸ್ವಲ್ಪ ಹೊತ್ತಿಗೆ, ಡಿಜಿಟಲ್ ಲೈಸೆನ್ಸ್ ಇದೆ, ಆಕ್ಟಿವೇಟ್ ಆಗಿದೆ ಅಂತ ಬಂತು.

ಇದು ಹ್ಯಾಂಗ ಆತು ಅಂತ ಕೇಳಿದೆ. ನಮ್ಮ ಪೆಟ್ಟಿಗೆ ವಿಂಡೋಸ್ 7ರ ಕಾಲದ್ದು. 2015ರ ಜುಲೈಯಿಂದ ಒಂದು ವರ್ಷ ವಿಂಡೋಸ್ 10 ಅನ್ನು ಪುಕ್ಕಟೆ ಕೊಟ್ಟಿದ್ದರು, ಆಗ ಮಾಸ್ತರರು ಹಾಕಿಸಿದ್ದರು. ಅವತ್ತೇ ಈ ಯಂತ್ರದ ಗುರುತು ಕಂಪನಿಯ ದಫ್ತರಿನಲ್ಲಿ ಸೇರಿತ್ತು. ಆ ಗುರುತಿಗೆ ಮುಖ್ಯ ಆಧಾರ ಒಳಗಿನ ಮದರ್‌ಬೋರ್ಡ್. ಅದನ್ನು ಬದಲಿಸಿದರೆ ಮಾತ್ರ ತೊಂದರೆ. ವಿಂಡೋಸ್ 8ರಿಂದ ಈಚೆಗೆ, ವಿಂಡೋಸ್ ಹಾಕಿಯೇ ಬರುವ ಕಂಪನಿ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಕೀ ಮದರ್‌ಬೋರ್ಡಿನೊಳಗೇ ಇರುತ್ತದೆ. ಅಂದರೆ ನಾವು ಹೊಸದಾಗಿ ಕೊಳ್ಳಬೇಕಾಗಿಯೂ ಇರಲಿಲ್ಲ, ಕದಿಯಬೇಕಾಗಿಯೂ ಇರಲಿಲ್ಲ. ಚೀಟಿ ಅಳಿಸಿತ್ತು, ಹಕ್ಕು ಇತ್ತು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಕಾಲವೂ ಮುಗಿದಿದೆ. ನಮ್ಮ ಹಳೆ ಪೆಟ್ಟಿಗೆಗೆ 11 ಹೊಂದುವುದಿಲ್ಲ. ಮುಂದೆ ಉಬುಂಟುವನ್ನೇ ಹಾಕೂಣು ಅಂತ ಮೊಮ್ಮಗ ಹೇಳಿದ್ದಾನೆ.

ವಿಂಡೋಸ್ ಹೋದರೆ ಇನ್ನೊಂದು ಬರುತ್ತದೆ. ಗುರುಗಳ ಪದ ಹೋಗಿದ್ದರೆ ಎಲ್ಲಿಂದ ತರುವುದು? ಆ 38ರಲ್ಲಿ 11 ನನಗೇ ಬಾಯಿಗೆ ಬರುತ್ತಿರಲಿಲ್ಲ. ಈಗ ಒಂದು ಪ್ರತಿ ವಾಚನಾಲಯದಲ್ಲಿ, ಒಂದು ಮಾಸ್ತರರ ಮನೆಯಲ್ಲಿ, ಒಂದು ನಮ್ಮ ಟ್ರಂಕಿನಲ್ಲಿ ಇದೆ. ಸಂಜೆ ಹುಡುಗರ ಜೊತೆ ಕೂತು ಆ ಹನ್ನೊಂದನ್ನು ನಾನೂ ಕಲಿಯುತ್ತಿದ್ದೇನೆ, ಐದು ಬಂದಿವೆ. ನಿಮ್ಮ ಮೊಬೈಲಿನಲ್ಲಿಯೂ ಮನೆಯ ಹಿರಿಯರ ಹಾಡೋ ಮಾತೋ ಇದ್ದರೆ, ಅದು ಕೆಡುವ ಮೊದಲು ವಾಚನಾಲಯಕ್ಕೆ ತನ್ನಿ.