ಹೊಸ್ತಿಲು ದಾಟುವ ಮುನ್ನ

2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಯ ಹಿರೇಹಡಗಲಿಗೆ ಬಂದವರಾರೂ ಕಲ್ಲೇಶ್ವರನ ಗುಡಿಯನ್ನು ಕಾಣದೆ ಹಿಂದಿರುಗಲಾರರು. ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನ ಮಂತ್ರಿ ದೇಮರಸನು 1057ರ ಸುಮಾರಿಗೆ ಕಟ್ಟಿಸಿದ ಈ ಗುಡಿಯ ಬಾಗಿಲವಾಡದ ಕುಸುರಿಗೆಲಸ ನೋಡುಗನನ್ನು ಹೊಸ್ತಿಲಿನಲ್ಲಿಯೇ ತಡೆದು ನಿಲ್ಲಿಸುತ್ತದೆ. ಆದರೆ ಒಂಬೈನೂರಕ್ಕೂ ಹೆಚ್ಚು ವರ್ಷಗಳಿಂದ ಆ ಚೆಲುವನ್ನು ಹೊತ್ತು ನಿಂತಿರುವುದು ಕಣ್ಣಿಗೆ ಬೀಳದ ತಳಪಾಯ.

ಬಳ್ಳಾರಿ, ಹೊಸಪೇಟೆ, ದಾವಣಗೆರೆಗಳ ಹೊಸ ಬಡಾವಣೆಗಳಲ್ಲಿ ಮನೆ ಕೊಳ್ಳಹೊರಟ ಸಂಸಾರಸ್ಥರು ಒಮ್ಮೆ ಇಲ್ಲಿ ನಿಂತು ಯೋಚಿಸುವುದು ಒಳ್ಳೆಯದು. ಅಲ್ಲಿಯೂ ಮೊದಲು ಮನಸ್ಸನ್ನು ಸೆಳೆಯುವುದು ತೇಗದ ಬಾಗಿಲು, ನುಣುಪಾದ ನೆಲ, ಹೊಸ ಬಣ್ಣ. ಇಪ್ಪತ್ತೈದು ವರ್ಷ ದುಡಿದು ಕೂಡಿಟ್ಟ ಹಣವೂ ಮನೆಯಾಕೆಯ ಒಡವೆಯೂ ಆ ಒಂದು ನೋಟಕ್ಕೆ ಕರಗಿಹೋಗಬಾರದು.

ಮೊದಲು ನೋಡಬೇಕಾದುದು ಮಣ್ಣು. ಈ ಸೀಮೆಯ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಗೆಗೆ ಕುಗ್ಗಿ ಬಿರಿಯುತ್ತದೆ. ಗಟ್ಟಿನೆಲಕ್ಕಿಳಿಯದ ಅಡಿಪಾಯವಾದರೆ ಗೋಡೆಯೂ ಅದರೊಡನೆ ಬಿರಿಯುತ್ತದೆ. ಆದುದರಿಂದ ಮನೆಯನ್ನು ಮಳೆಯ ಮರುದಿನವೊಮ್ಮೆ, ಕಡುಬೇಸಗೆಯಲ್ಲೊಮ್ಮೆ ನೋಡಬೇಕು. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕನ್ನೂ, ಒಂದೇ ಕಡೆ ಹಚ್ಚಿದ ಹೊಸ ಸುಣ್ಣವನ್ನೂ ಸಂದೇಹಿಸಬೇಕು.

ಎರಡನೆಯದು ಎಲ್ಲೆ. ಹಳೆಯ ದಾನಶಾಸನಗಳು ಕೊಟ್ಟ ಭೂಮಿಯ ಮೇರೆಗಳನ್ನು ದಿಕ್ಕುದಿಕ್ಕಿಗೂ ಹೆಸರಿಸುತ್ತಿದ್ದುವು. ಇಂದಿನ ಕ್ರಯಪತ್ರದಲ್ಲಿ ಆ ಕೆಲಸವನ್ನು ಮಾಡುವುದು ಚಕ್ಕುಬಂದಿ. ಅದನ್ನು ಕೈಯಲ್ಲಿ ಹಿಡಿದು ನಿವೇಶನದ ಸುತ್ತ ನಡೆಯಬೇಕು. ಅಳತೆ ಹೊಂದದಿದ್ದರೆ ಭೂಮಾಪಕರಿಂದ ಹದ್ದುಬಸ್ತು ಮಾಡಿಸಬೇಕು. ಈಗ ರಸ್ತೆಯಾಗಿರುವುದು ಗ್ರಾಮನಕ್ಷೆಯಲ್ಲಿ ಹಳ್ಳವೋ ಕಾಲುವೆಯೋ ಆಗಿದ್ದರೆ, ಒಂದಲ್ಲ ಒಂದು ಮಳೆಗಾಲದಲ್ಲಿ ನೀರು ತನ್ನ ಹಳೆಯ ದಾರಿಯನ್ನು ಕೇಳಿಕೊಂಡು ಬರುತ್ತದೆ.

ಮೂರನೆಯದು ಕಾಗದಪತ್ರ. ಹೊಲವಾಗಿದ್ದ ಭೂಮಿಗೆ 1964ರ ಭೂಕಂದಾಯ ಕಾಯಿದೆಯಂತೆ ಪರಿವರ್ತನೆಯಾಗಿದೆಯೇ? ಬಡಾವಣೆಯ ನಕ್ಷೆಗೆ ಮಂಜೂರಾತಿ ಉಂಟೇ? ರಸ್ತೆ, ಉದ್ಯಾನಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟಿದ್ದಾರೆಯೇ? ಪಂಚಾಯಿತಿಯ ಮೇರೆಯೊಳಗಾದರೆ ನಮೂನೆ 9 ಮತ್ತು 11ಎ ಇವೆಯೇ? ಮೂವತ್ತು ವರ್ಷಗಳ ಋಣಭಾರ ಪತ್ರವನ್ನು ತೆಗೆಸಿ, ಮೂಲಪತ್ರದಿಂದ ಇಂದಿನವರೆಗಿನ ಕೈಬದಲಾವಣೆಗಳನ್ನು ಕೊಂಡಿ ತಪ್ಪದಂತೆ ಓದಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯಾಗಿದ್ದು, ಪೂರ್ವಾನುಮತಿಯಿಲ್ಲದೆ ಮಾರಾಟವಾಗಿದ್ದರೆ, 1978ರ ಕಾಯಿದೆಯಂತೆ ಆ ಮಾರಾಟವೇ ಅಸಿಂಧು. ಭೂಮಿ ಅದರ ಹಕ್ಕುದಾರರಿಗೆ ಮರಳುವುದು ನ್ಯಾಯ. ಕಾಗದ ಓದದೆ ಕೊಂಡವನಿಗೆ ಮನೆಯೂ ಇಲ್ಲ, ಹಣವೂ ಇಲ್ಲ.

ಇಷ್ಟನ್ನು ವಿಚಾರಿಸಲು ತಿಂಗಳೆರಡು ಹಿಡಿದೀತು, ವಕೀಲರ ಶುಲ್ಕವೂ ತಗುಲೀತು. "ಇಂದೇ ಮುಂಗಡ ಕೊಡದಿದ್ದರೆ ಬೇರೆಯವರ ಪಾಲಾಗುತ್ತದೆ" ಎಂದು ಮಾರುವವನು ಅವಸರಪಡಿಸಬಹುದು. ಆಗಲಿ. ಕೈತಪ್ಪಿದ ಮನೆಗೆ ಬದಲು ಇನ್ನೊಂದು ಮನೆ ಸಿಕ್ಕೀತು. ಕೈತಪ್ಪಿದ ಇಪ್ಪತ್ತೈದು ವರ್ಷಗಳ ದುಡಿಮೆ ಮತ್ತೆ ಸಿಕ್ಕುವುದಿಲ್ಲ.