ಉಪದೇಶಿಯ ಹೆಸರು

ಮಹಾಪ್ರಬಂಧ ಸಲ್ಲಿಸುವ ಅರ್ಜಿಯಲ್ಲಿ ‘ಮಾರ್ಗದರ್ಶಕರ ಹೆಸರು’ ಎಂಬ ಖಾನೆ ಇದೆ. ಅದನ್ನು ತುಂಬಲು ಒಂದು ನಿಮಿಷ ಸಾಕಾಯಿತು. ಕೃತಜ್ಞತೆಯ ಪುಟ ಮಾತ್ರ ಹದಿನೈದು ದಿನವಾದರೂ ಮುಗಿದಿಲ್ಲ. ರಾಯಚೂರಿನ ಬಾಡಿಗೆ ಕೋಣೆಯಲ್ಲಿ ಕೂತು ಗ್ರಂಥಾಲಯದವರು, ಗೆಳೆಯರು, ಡಿಟಿಪಿ ಮಾಡಿಕೊಟ್ಟವರು ಎಲ್ಲರನ್ನೂ ನೆನೆದಾಗಿದೆ. ಒಬ್ಬರ ಹೆಸರಿಗೆ ಬಂದು ನಿಂತುಬಿಟ್ಟಿದ್ದೇನೆ. ಅವರು ದೇವದುರ್ಗ ತಾಲ್ಲೂಕಿನ ನಮ್ಮೂರಿನ ಉಪದೇಶಿ.

ಕ್ಯಾಥೊಲಿಕರಲ್ಲದವರಿಗೆ ಈ ಪದ ಹೊಸದಿರಬಹುದು. ಪಾದ್ರಿ ಇಲ್ಲದ ಊರಲ್ಲಿ ಮಕ್ಕಳಿಗೆ ಜಪ ಕಲಿಸುವ, ಭಾನುವಾರದ ಪ್ರಾರ್ಥನೆ ನಡೆಸುವ, ಸತ್ತವರ ಮನೆಗೆ ಮೊದಲು ಬರುವ ಸಂಸಾರಸ್ಥನೇ ಉಪದೇಶಿ. 1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಧರ್ಮಕ್ಷೇತ್ರಕ್ಕೆ ನಮ್ಮ ರಾಯಚೂರು ಜಿಲ್ಲೆಯೂ ಸೇರಿದೆ, ಕೊಪ್ಪಳವೂ ಸೇರಿದೆ. ಅಷ್ಟು ದೊಡ್ಡ ಸೀಮೆಗೆ ಗುರುಗಳು ಎಲ್ಲಿ ಸಾಲುತ್ತಾರೆ? ನಮ್ಮೂರಿಗೆ ಫಾದರ್ ತಿಂಗಳಿಗೊಮ್ಮೆ ಮೋಟರ್ ಸೈಕಲ್ ಮೇಲೆ ಬರುತ್ತಿದ್ದರು. ಉಳಿದ ದಿನಗಳೆಲ್ಲ ಉಪದೇಶಿಯವು. ನಮ್ಮ ಜಿಲ್ಲೆಯ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಿಂದಲೂ ಕ್ಯಾಥೊಲಿಕರಿದ್ದಾರೆ. ಆ ಚರಿತ್ರೆಯಲ್ಲಿ ಯೇಸುಸಭೆಯ ಪಾದ್ರಿಗಳ ಪ್ರಸ್ತಾಪ ಬರುತ್ತದೆ; ಮನೆಮನೆಯಲ್ಲಿ ಜಪ ಬಾಯಿಪಾಠ ಮಾಡಿಸಿದವರ ಹೆಸರು ನನಗೆಲ್ಲೂ ಸಿಕ್ಕಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಉಪದೇಶಿಗಳನ್ನು ಹೊಗಳಿತ್ತು. ಪೋಪ್ ಫ್ರಾನ್ಸಿಸ್ 2021ರಲ್ಲಿ ಅವರ ಕೆಲಸವನ್ನು ಧರ್ಮಸಭೆಯ ಅಧಿಕೃತ ಸೇವೆಯಾಗಿ ಸ್ಥಾಪಿಸಿದರು. ಆ ಸುದ್ದಿಯನ್ನು ನಮ್ಮ ಉಪದೇಶಿಗೆ ಮುಟ್ಟಿಸಿದವನು ನಾನೇ. ‘ಪಗಾರ ಏನರ ಕೊಡ್ತಾರೇನು?’ ಎಂದು ನಕ್ಕರು.

ಅವರು ಓದಿದ್ದು ಮೂರನೇ ಇಯತ್ತೆ. ಹಗಲೆಲ್ಲ ಹತ್ತಿ ಬಿಡಿಸುವ ಕೂಲಿ. ಸಂಜೆ ಬೇವಿನ ಗಿಡಕ್ಕೆ ತೂಗುಹಾಕಿದ ಕಬ್ಬಿಣದ ತುಂಡಿಗೆ ಕಲ್ಲಿನಿಂದ ಬಡಿಯುತ್ತಿದ್ದರು. ನಾವು ಕೈಕಾಲು ತೊಳೆದು ಓಡುತ್ತಿದ್ದೆವು. ಕೈಯಲ್ಲಿ ಪುಸ್ತಕವಿರಲಿಲ್ಲ. ಅವರ ಅಪ್ಪನಿಂದ ಕೇಳಿ ಕಲಿತದ್ದನ್ನು ಅವರು ಹೇಳಬೇಕು, ನಾವು ಹಿಂದಿನಿಂದ ಹೇಳಬೇಕು. ವಿಶ್ವಾಸ ಸಂಗ್ರಹದಲ್ಲಿ ಯೇಸುವಿಗೆ ಶಿಕ್ಷೆ ಕೊಟ್ಟ ಪಿಲಾತನ ಹೆಸರು ಬರುತ್ತದಲ್ಲ, ಅದು ಅವರ ಬಾಯಲ್ಲಿ ‘ಬಿಲಾತ’. ಬಿಲಾಯತಿಯಿಂದ ಬಂದ ಯಾವನೋ ಸಾಹೇಬನೆಂದೇ ನಾನು ಬಹಳ ದಿನ ತಿಳಿದಿದ್ದೆ.

ಮುಂದೆ ಓದಲು ಮಾನ್ವಿಗೆ ಹೋದೆ. ಅಲ್ಲಿನ ಹಾಸ್ಟೆಲ್ಲಿನಲ್ಲಿ ಅಚ್ಚಾದ ಪ್ರಾರ್ಥನಾ ಪುಸ್ತಕ ಮೊದಲ ಸಲ ಕೈಗೆ ಸಿಕ್ಕಿತು. (ಜಗನ್ನಾಥದಾಸರ ಮಾನ್ವಿ ಅದು. ದಾಸರ ಹಾಡಿನ ಹುಚ್ಚು ಹತ್ತಿದ್ದೂ ಅಲ್ಲೇ. ನನ್ನ ಸಂಶೋಧನೆಯೂ ಅದರ ಮೇಲೆಯೇ.) ಒಂಬತ್ತನೇ ತರಗತಿಯ ದಸರಾ ರಜೆಗೆ ಊರಿಗೆ ಬಂದವನು ಪ್ರಾರ್ಥನೆಯ ನಡುವೆ, ಎಲ್ಲರೆದುರು, ‘ತಾತ, ಬಿಲಾತ ಅಲ್ಲ, ಪಿಲಾತ’ ಎಂದೆ. ಹೆಂಗಸರು ಕಿಸಕ್ಕನೆ ನಕ್ಕರು. ಅವ್ವ ತಲೆ ತಗ್ಗಿಸಿದಳು. ಅವರು ಮಾತ್ರ ‘ಹೌದೇನಪ್ಪ? ಹಂಗಾದ್ರ ನೀನೇ ಮುಂದ ಹೇಳು, ನಾವು ಹಿಂದಿಂದ ಅಂತೀವಿ’ ಎಂದು ಸರಿದು ಜಾಗ ಕೊಟ್ಟರು. ನಾನು ಹೇಳಿದೆ. ಹಿಂದಿನಿಂದ ಅವರ ಒಡಕು ದನಿ ‘ಪಿಲಾತ’ ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಗೆದ್ದೆನೆಂದುಕೊಂಡೆ.

ಎಂ.ಎ. ದಿನಗಳಲ್ಲಿ ಚರ್ಚಿನ ಕಡೆ ಕಾಲಿಡಲಿಲ್ಲ. ಓದಿದ ಪುಸ್ತಕಗಳು, ಬೀಗುವ ವಯಸ್ಸು, ಎರಡೂ ಸೇರಿದ್ದವು. ಅಂಥ ಹೊತ್ತಿನಲ್ಲೇ ಅವ್ವ ತೀರಿಕೊಂಡಳು. ಮಳೆಗಾಲ, ಹಳ್ಳ ಬಂದಿತ್ತು, ಫಾದರ್ ಬರಲು ಮರುದಿನವೇ ಆಗಬೇಕಿತ್ತು. ಉಪದೇಶಿ ಕಂಬಳಿ ಹೊದ್ದು ಬಂದು ಹೆಣದ ತಲೆದೆಸೆಯಲ್ಲಿ ಕೂತರು. ನಾನು ಚರ್ಚು ಬಿಟ್ಟದ್ದು ಅವರಿಗೆ ಗೊತ್ತಿತ್ತು, ಅದರ ಮಾತೆತ್ತಲಿಲ್ಲ. ಬೆಳಗಿನವರೆಗೆ ಜಪಸರ ಎಣಿಸಿದರು. ವಿಶ್ವಾಸ ಸಂಗ್ರಹ ಬಂದಾಗ ಮತ್ತೆ ‘ಬಿಲಾತ’ ಎಂದರು. ನನ್ನ ಬಾಯಿಯೂ ಬಿಲಾತ ಎಂದಿತು. ಎಷ್ಟೋ ವರ್ಷಗಳ ಮೇಲೆ ನಾನು ಜಪ ಹೇಳುತ್ತಿದ್ದೇನೆಂದು ಗೊತ್ತಾದದ್ದು ಆಮೇಲೆ.

ಮೊನ್ನೆ ಫೋನು ಮಾಡಿ, ‘ತಾತ, ಪುಸ್ತಕದಾಗ ನಿಮ್ಮ ಹೆಸರು ಹಾಕ್ತೀನಿ, ಪೂರಾ ಹೇಳ್ರಿ’ ಎಂದೆ.

‘ಯಾವ ಹೆಸರಪ್ಪ? ರೇಷನ್ ಕಾರ್ಡಿಂದಾ, ಚರ್ಚಿಂದಾ?’

ಅದೇ ನನ್ನ ತೊಡಕು. 1950ರ ರಾಷ್ಟ್ರಪತಿ ಆದೇಶದಲ್ಲಿ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ ಮಾತ್ರವಿತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು, ಕ್ರೈಸ್ತರನ್ನು ಸೇರಿಸಲಿಲ್ಲ. ಶಿಲುಬೆ ಹಿಡಿದ ಮಾತ್ರಕ್ಕೆ ನಮ್ಮ ಓಣಿಯನ್ನು ಊರೇನೂ ಬೇರೆಯಾಗಿ ಕಾಣಲಿಲ್ಲ, ಕಾಗದ ಮಾತ್ರ ಕಂಡಿತು. ಹೀಗಾಗಿ ಒಬ್ಬೊಬ್ಬರಿಗೆ ಎರಡೆರಡು ಹೆಸರು. ನನಗೂ ಇವೆ, ಈ ಬರಹದ ಜೊತೆಗಿರುವುದು ಯಾವುದೆಂದು ಕೇಳಬೇಡಿ. ಚರ್ಚಿನ ಹೆಸರು ಅಚ್ಚಾದರೆ ಅವರ ಮೊಮ್ಮಗಳ ಸ್ಕಾಲರ್‌ಶಿಪ್ಪಿಗೆ ಯಾರಾದರೂ ತಕರಾರು ತೆಗೆದಾರು. ಇನ್ನೊಂದು ಹೆಸರು ಹಾಕಿದರೆ ನಾನು ನೆನೆಯುವ ಮನುಷ್ಯನೇ ಅಲ್ಲಿರುವುದಿಲ್ಲ.

ನಾನು ಸುಮ್ಮನಾದದ್ದು ಅವರಿಗೆ ತಿಳಿಯಿತೇನೋ. ‘ಎರಡೂ ಬ್ಯಾಡ ಬಿಡು. ಉಪದೇಶಿ ಅಂತ ಬರಿ, ಊರಿಗೆಲ್ಲ ಗೊತ್ತದ’ ಎಂದರು. ಆಮೇಲೆ, ‘ಗುಡ್ ಫ್ರೈಡೇಕ ಬರ್ತೀಯೇನು? ಶಿಲುಬಿ ಹಾದಿ ಓದಾಕ ಯಾರೂ ಇಲ್ಲ. ನನಗ ಕಣ್ಣು ಕಾಣವಲ್ದು.’

ಬರುತ್ತೇನೆಂದೆ.